ಕಂಡಕ್ಟರ್ ಅಂಗಿ ತೊಟ್ಟ ದೃಷ್ಟಿಬೊಂಬೆ

ನಾನು ಒಂದು ದೃಷ್ಟಿಬೊಂಬೆ. ಕಟ್ಟುತ್ತಿರುವ ಮನೆಗಳ ಮುಂದೆ ನಾಲಿಗೆ ಚಾಚಿಕೊಂಡು ನೇತಾಡುವುದು ನಮ್ಮ ಕುಲಕಸುಬು. ಸಿಮೆಂಟು ಹೊರುವುದಿಲ್ಲ, ಇಟ್ಟಿಗೆ ಎತ್ತುವುದಿಲ್ಲ, ಕೂಲಿಯನ್ನೂ ಕೇಳುವುದಿಲ್ಲ. ಆದರೂ ಸೈಟಿನಲ್ಲಿ ಎಲ್ಲರಿಗಿಂತ ಎತ್ತರದ ಜಾಗ ನಮ್ಮದೇ. ಬೇರೆ ವಸ್ತುಗಳೆಲ್ಲ ತಮ್ಮ ಯಜಮಾನರನ್ನು ಕೆಳಗಿನಿಂದ ನೋಡಿ ಕಥೆ ಹೇಳುತ್ತವಂತೆ. ನಾನು ನೋಡಿದ್ದು ಬರೀ ನೆತ್ತಿಗಳನ್ನು. ಬಿಲ್ಡರ್ ಗುರುಪಾದಸ್ವಾಮಿ ಎಡಗಿವಿಯ ಪಕ್ಕದ ಕೂದಲನ್ನು ಬಲಗಿವಿಯವರೆಗೆ ಎಳೆದು ಬಾಚುತ್ತಿದ್ದ ಗುಟ್ಟು ನನಗೆ ಮೊದಲ ದಿನವೇ ತಿಳಿಯಿತು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ನಾನು ಹುಟ್ಟಿದ್ದು ಮೈಸೂರಿನ ರಿಂಗ್ ರೋಡಿನ ಆಚೆ, ಕಂಡಕ್ಟರ್ ಕಾಲೋನಿಯಲ್ಲಿ. ಬಸ್ಸಿನಲ್ಲಿ ದುಡಿಯುತ್ತಿದ್ದವರು ಸೇರಿ ರಸ್ತೆಯುದ್ದಕ್ಕೆ ಸಾಲಾಗಿ ಕಟ್ಟಿಕೊಂಡಿದ್ದ ಎಂಟು ಹೆಂಚಿನ ಮನೆಗಳು ಅವು. ಆ ಕಾಲದಲ್ಲಿ ಅದು ಊರಾಚೆ. ಸಂಜೆಯಾದರೆ ನರಿ ಕೂಗುತ್ತದೆಂದು ಅಲ್ಲಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರಂತೆ. ಈಗ ಊರೇ ಕಾಲೋನಿಯನ್ನು ದಾಟಿಕೊಂಡು ಎಲ್ಲೋ ಮುಂದೆ ಹೋಗಿಬಿಟ್ಟಿದೆ. ಆ ಕಡೆ ಕಾರಿನ ಶೋರೂಮು, ಈ ಕಡೆ ಕಲ್ಯಾಣ ಮಂಟಪ, ನಡುವೆ ಸೋರುವ ಎಂಟು ಮನೆ. ಹಾಗಾಗಿ ಗುರುಪಾದಸ್ವಾಮಿ ಬಂದು, ಹಳೆಯದನ್ನು ಕೆಡವಿ ಐದು ಅಂತಸ್ತಿನ ಕಟ್ಟಡ ಏಳಿಸುತ್ತೇನೆ, ಮನೆಗೊಂದು ಫ್ಲ್ಯಾಟು ನಿಮಗೆ, ಮಿಕ್ಕಿದ್ದು ನನಗೆ ಎಂದಾಗ ಏಳು ಮನೆಯವರು ಖುಷಿಯಿಂದ ಹೂಂ ಅಂದರು. ಗಂಟುಮೂಟೆ ಕಟ್ಟಿ ಬಾಡಿಗೆ ಮನೆಗಳಿಗೆ ಹೋದರು. ಎಂಟನೆಯವನು ಒಪ್ಪಲಿಲ್ಲ.

ಆ ಎಂಟನೆಯವನೇ ಜವರಯ್ಯ, ರಿಟೈರ್ಡ್ ಕಂಡಕ್ಟರ್. ಬಸ್ ಸ್ಟಾಪಿಗೆ ಅಂಟಿಕೊಂಡ ಮೂಲೆಯ ಮನೆ ಅವನದು. ದೊಡ್ಡ ಹೊಟ್ಟೆ, ಅದಕ್ಕೆ ತಕ್ಕ ಮೀಸೆ. ಬಲಗಡೆಯ ತುದಿಯನ್ನು ಮಾತ್ರ ತಿರುವುವ ಅಭ್ಯಾಸವಿದ್ದುದರಿಂದ ಮೀಸೆಯ ಬಲಭಾಗ ಮೇಲಕ್ಕೆ, ಎಡಭಾಗ ಕೆಳಕ್ಕೆ. ಮನೆಯ ಮುಂದೆ ಕಪ್ಪುಕಲ್ಲಿನ ಜಗಲಿ. ಹೊತ್ತು ಇಳಿಯುತ್ತಿದ್ದಂತೆ ಅವನು ಅಲ್ಲಿ ಬಂದು ಕೂತರೆ ಬಸ್ಸಿಳಿದವರು ಯಾರೂ ಅವನಿಗೆ ಉತ್ತರ ಕೊಡದೆ ಮನೆ ಸೇರುವಂತಿರಲಿಲ್ಲ. "ಏನಮ್ಮಿ, ಮಗಳ್ಗೆ ಹೆರಿಗೆ ಆಯ್ತಾ?" "ಏನಯ್ಯಾ, ಮಂಡಿನೋವು ಹೆಂಗದೆ?" ಇಡೀ ರಸ್ತೆಯೇ ಅವನ ಬಸ್ಸು, ಹೋಗಿಬರುವವರೆಲ್ಲ ಅವನ ಪ್ಯಾಸೆಂಜರು.

ಫ್ಲ್ಯಾಟಿನ ಮಾತೆತ್ತಿದರೆ ಅವನದು ಒಂದೇ ಪ್ರಶ್ನೆ. "ಮ್ಯಾಲೆ ಕುಂತ್ಕಂಡು ಯಾರ್ನ ಮಾತಾಡುಸ್ಲಿ? ಕಾಗೆನಾ?"

ಜನ ಇದನ್ನು ಹಟ ಅಂದರು. ನನಗೆ ಮಾತ್ರ ಅದು ಭಯ ಅಂತ ಗೊತ್ತು. ಜನರ ಕಣ್ಣಿಗೆ ಬೀಳದೆ ಹೋದರೆ ತಾನು ಇದ್ದೂ ಇಲ್ಲದವನಾಗುತ್ತೇನೆ ಎಂಬ ಭಯ. ತೊಡಕೇನೆಂದರೆ, ಕಟ್ಟಡದ ಗೇಟು, ಮೆಟ್ಟಿಲು, ಲಿಫ್ಟು ಎಲ್ಲವೂ ಬರಬೇಕಾದದ್ದು ಅವನ ಮನೆಯಿದ್ದ ಜಾಗದಲ್ಲೇ. ಏಳು ಮನೆಯ ಜಾಗದಲ್ಲಿ ಕಟ್ಟಡ ಎದ್ದರೆ ಜವರಯ್ಯ ತಾನಾಗಿ ಮೆತ್ತಗಾಗುತ್ತಾನೆ ಎಂದುಕೊಂಡು ಗುರುಪಾದಸ್ವಾಮಿ ಕೆಲಸ ಶುರು ಮಾಡಿಯೇ ಬಿಟ್ಟ. ಎರಡು ಅಂತಸ್ತು ಎದ್ದಿತು. ಜವರಯ್ಯ ಮೆತ್ತಗಾಗಲಿಲ್ಲ. ಬಾಡಿಗೆ ಮನೆ ಸೇರಿದ ಏಳು ಸಂಸಾರಗಳು ಅವನಿಗೆ ಹಿಡಿಶಾಪ ಹಾಕುತ್ತಾ, ಮುಂಬಾಗಿಲೇ ಇಲ್ಲದ ಕಟ್ಟಡವನ್ನು ನೋಡಿ ನೋಡಿ ಹೋಗುತ್ತಿದ್ದವು.

ನಾನು ಬಂದದ್ದು ಆಗ. ಇಷ್ಟೆಲ್ಲ ಅಡ್ಡಿ ಬರುತ್ತಿರುವುದು ದೃಷ್ಟಿಯಿಂದಲೇ ಎಂದು ಮೇಸ್ತ್ರಿ ತೀರ್ಮಾನಿಸಿದ. ಗುರುಪಾದಸ್ವಾಮಿ ಪೇಟೆಯಿಂದ ಪ್ಲಾಸ್ಟಿಕ್ಕಿನ ರಾಕ್ಷಸನ ಮುಖ ತಂದ. ವಾಚ್‌ಮನ್ ಬಸಲಿಂಗಪ್ಪನ ಹೆಂಡತಿ ಹುಲಿಗೆಮ್ಮ ಅದನ್ನು ತಿರುಗಿಸಿ ನೋಡಿ ಮೂಗು ಮುರಿದಳು. ಕೊಪ್ಪಳದ ಕಡೆಯ ಹೆಂಗಸು, ಮನಸ್ಸಿನಲ್ಲಿದ್ದದ್ದನ್ನು ಆಡಿಬಿಡುವವಳು.

"ಈ ಮಕ ನಗತೈತ್ರಿ ಸಾಹೇಬ್ರ. ಇದಕ್ಕ ಯಾರು ಅಂಜತಾರ? ನಾ ಮಾಡತೀನಿ ಬಿಡ್ರಿ."

ಹಾಗೆ ನಾನು ಹುಟ್ಟಿದೆ. ತಲೆಗೆ ಒಂದು ಮಣ್ಣಿನ ಮಡಕೆ, ಮೈಗೆ ಭತ್ತದ ಹುಲ್ಲು, ಕೈಗೊಂದು ಮೋಟು ಪೊರಕೆ, ಕೊರಳಿಗೆ ನಿಂಬೆಹಣ್ಣು ಮೆಣಸಿನಕಾಯಿಯ ಸರ, ಕಾಲಿಗೆ ಒಂಟಿ ಚಪ್ಪಲಿ. ಬಟ್ಟೆಯ ವಿಷಯದಲ್ಲಿ ಮಾತ್ರ ಹುಲಿಗೆಮ್ಮನಿಗೆ ಅವಳ ತಾಯಿ ಕಲಿಸಿದ ಕಟ್ಟುನಿಟ್ಟು ಒಂದಿತ್ತು. ಮನೆ ಯಾರದೋ ಅವರ ಬಟ್ಟೆಯನ್ನು ಬೊಂಬೆಗೆ ತೊಡಿಸಬಾರದು, ಕಟ್ಟುವವರ ಬಟ್ಟೆಯೂ ಕೂಡದು. ಬಿದ್ದ ದೃಷ್ಟಿಯೆಲ್ಲ ಬಟ್ಟೆಯ ದಾರಿ ಹಿಡಿದು ಅವರ ಮೈಗೇ ಹೋಗುತ್ತದೆ. ಆ ಕಟ್ಟಡಕ್ಕೆ ಸಂಬಂಧವೇ ಇಲ್ಲದವರ ಬಟ್ಟೆ ಬೇಕು. ಹುಲಿಗೆಮ್ಮ ಯೋಚಿಸಿದಳು. ಇಡೀ ಕಾಲೋನಿಯಲ್ಲಿ ಈ ಕಟ್ಟಡಕ್ಕೆ ಸಂಬಂಧವಿಲ್ಲ ಎಂದು ದಿನಾ ಬಾಯಿ ಬಿಟ್ಟು ಹೇಳುತ್ತಿದ್ದವನು ಒಬ್ಬನೇ. ಅವನ ಹೆಂಡತಿ ಹೊಂಬಾಳಮ್ಮ ಚಳಿಗಾದೀತೆಂದು ಬಸಲಿಂಗಪ್ಪನಿಗೆ ಕೊಟ್ಟಿದ್ದ ಹಳೆಯ ಖಾಕಿ ಅಂಗಿಯೊಂದು ಶೆಡ್ಡಿನಲ್ಲಿ ಹಾಗೇ ಬಿದ್ದಿತ್ತು. "ಇದನ್ನ ಹಾಕ್ಕೊಂಡ್ರ ಮಂದಿ ನನ್ನ ಟಿಕೇಟು ಕೇಳತಾರ" ಎಂದು ಬಸಲಿಂಗಪ್ಪ ಅದನ್ನು ಮುಟ್ಟಿರಲಿಲ್ಲ.

ಅಂಗಿ ದೊಡ್ಡದು, ಹಾಗಾಗಿ ಹೊಟ್ಟೆಗೆ ಹುಲ್ಲು ಜಾಸ್ತಿ ತುರುಕಿದಳು. ಮಡಕೆಗೆ ಸುಣ್ಣ ಬಳಿದು ಇದ್ದಿಲಿನಲ್ಲಿ ಕಣ್ಣು ಬರೆದಳು. ಮೀಸೆ ಬರೆಯುವಾಗ ದಿನಾ ಕಣ್ಣೆದುರು ಕಾಣುತ್ತಿದ್ದ ಮೀಸೆಯನ್ನೇ ಬರೆದಳು, ಬಲಭಾಗ ಮೇಲಕ್ಕೆ, ಎಡಭಾಗ ಕೆಳಕ್ಕೆ. ಕೆಂಪು ಬಣ್ಣದಲ್ಲಿ ಇಳಿಬಿದ್ದ ನಾಲಿಗೆ ಬರೆದು, ಕತ್ತಲಾದ ಮೇಲೆ ನನ್ನನ್ನು ಎರಡನೆಯ ಅಂತಸ್ತಿನಲ್ಲಿ, ಬಸ್ ಸ್ಟಾಪಿನ ಕಡೆಯ ಮೂಲೆಗೆ ಕಟ್ಟಿದಳು. ಅವಳ ಮನಸ್ಸಿನಲ್ಲಿ ಒಂದು ಚೂರೂ ಕುಹಕವಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಬೆಳಿಗ್ಗೆ ಮೊದಲ ಬಸ್ಸಿನಿಂದ ಇಳಿದ ಹೂವಿನ ಹೆಂಗಸು ಮೇಲೆ ನೋಡಿದವಳೇ ಬುಟ್ಟಿ ಕೆಳಗಿಟ್ಟಳು. "ಅಯ್ಯಯ್ಯೋ, ಕಂಡಕ್ಟ್ರಣ್ಣನ್ನ ನೇತಾಕವ್ರಲ್ಲಪ್ಪೋ!"

ಜನ ಸೇರಿದರು. ನಕ್ಕರು. ಫೋನಿನಲ್ಲಿ ಫೋಟೋ ಹಿಡಿದರು. ಗದ್ದಲಕ್ಕೆ ಜವರಯ್ಯ ಹಲ್ಲುಪುಡಿಯ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದು ತಲೆ ಎತ್ತಿದ. ನನ್ನ ಮೀಸೆಯ ಅಸಲನ್ನು ಎದುರಾಗಿ ನಾನು ನೋಡಿದ್ದು ಅದೇ ಮೊದಲು. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಸಣ್ಣದಾಯಿತು. ಆ ಸಣ್ಣದಾದ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

"ಯಾವನ್ಲಾ ನನ್ನ ನೇತಾಕಿರೋನು? ನಾನಿನ್ನೂ ಸತ್ತಿಲ್ಲ ಕಣ್ರಲಾ!"

ಗುರುಪಾದಸ್ವಾಮಿ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. "ನಮ್ಮ ತಾಯಾಣೆಗೂ ನಂಗೆ ಗೊತ್ತಿಲ್ಲ ಸಾರ್."

"ನೀನು ಬೇಕಂತ್ಲೇ ಮಾಡ್ಸಿದ್ದೀಯ. ಇನ್ನು ಈ ಜನ್ಮದಲ್ಲಿ ನಾನು ಮನೆ ಬಿಡಕಿಲ್ಲ, ಹೋಗು."

ಗುರುಪಾದಸ್ವಾಮಿಯ ಜೀವ ಬಾಯಿಗೆ ಬಂತು. ಏಳು ಸಂಸಾರ, ಕಟ್ಟಡದ ಬಾಗಿಲು, ಅವನ ಮಾನ, ಎಲ್ಲವೂ ಒಂದು ಅಂಗಿಯಲ್ಲಿ ಸಿಕ್ಕಿಕೊಂಡಿತ್ತು. ಬೊಂಬೆ ಇಳಿಸಿ ಎಂದು ಕೂಗಿದ. ಕೆಲಸದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಹುಲಿಗೆಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಟ್ಟಿದ ಗೊಂಬಿ ಮನಿ ಮುಗಿಯೂ ಮಟ ಇಳಸಬಾರದ್ರಿ. ಇಳಸಿದ್ರ ಬಿದ್ದ ದೃಷ್ಟಿ ಎಲ್ಲಾ ಕೆಲಸ ಮಾಡವ್ರ ಮ್ಯಾಲ ಬರತೈತಿ. ಇವ್ರು ಮ್ಯಾಲ ಹತ್ತಂಗಿಲ್ಲ ನೋಡ್ರಿ."

ಅವಳು ಹೇಳಿದ್ದು ಸರಿ. ಕೆಲಸದವರಾಗಲೇ ಕರಣೆ ಕೆಳಗಿಟ್ಟಿದ್ದರು. ಗುರುಪಾದಸ್ವಾಮಿ ಮರಳಿನ ರಾಶಿಯ ಮೇಲೆ ಕುಸಿದು ಕೂತ. ಕೂದಲು ಎಡಗಡೆಗೇ ಜಾರಿ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ಅಷ್ಟು ಹೊತ್ತಿಗೆ ಹೊಂಬಾಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಆ ಯಪ್ಪನ್ನ ಯಾಕೆ ಬಯ್ತೀರಿ? ಅಂಗಿ ಕೊಟ್ಟೋಳು ನಾನು."

"ನೀನಾ?"

"ಹೂಂ. ಹೊಟ್ಟೆ ಮುಚ್ದೆ ಇರೋ ಅಂಗಿನ ಇಟ್ಕಂಡು ಪೂಜೆ ಮಾಡ್ಲಾ?"

ಜನ ಮತ್ತೆ ನಕ್ಕರು. ಜವರಯ್ಯ ಲುಂಗಿ ಎತ್ತಿ ಕಟ್ಟಿದ. "ಯಾರೂ ಇಳುಸ್ಬೇಡಿ. ನನ್ ಅಂಗಿನ ನಾನೇ ಬಿಚ್ಕೊಬತ್ತೀನಿ" ಎಂದು ಹಲಗೆಯ ಇಳಿಜಾರು ಹತ್ತಿದ. ಬಿದ್ದುಗಿದ್ದಾನು ಎಂದು ಹುಲಿಗೆಮ್ಮ ಹಿಂದೆಯೇ ಓಡಿದಳು.

ಏದುಸಿರು ಬಿಡುತ್ತಾ ಅವನು ನನ್ನ ಪಕ್ಕ ಬಂದು ನಿಂತ. ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಿಂದ ನನ್ನ ಕೊರಳಿನ ಗುಂಡಿ ಬಿಚ್ಚಿದ. ಎರಡನೆಯ ಗುಂಡಿಗೆ ಕೈ ಹಾಕಿದಾಗ ಕೆಳಗಿನಿಂದ ಯಾರೋ ಕೂಗಿದರು. "ಕಂಡಕ್ಟ್ರಣ್ಣೋ, ಇಬ್ರಲ್ಲಿ ನೀನು ಯಾರು?"

ಜವರಯ್ಯನ ನಾಲಿಗೆ ಸುಮ್ಮನಿರುವಂಥದ್ದಲ್ಲ. "ನಾಲ್ಗೆ ಒಳಗಿಕ್ಕಂಡಿರೋನು ನಾನು ಕಣ್ಲಾ!"

ಬಸ್ ಸ್ಟಾಪಿನವರೆಲ್ಲ ಹೋ ಎಂದರು. ಜವರಯ್ಯ ಬಗ್ಗಿ ನೋಡಿದ. ಎಲ್ಲ ಮುಖಗಳೂ ಮೇಲಕ್ಕೆ ತಿರುಗಿದ್ದವು. ಹೋಗುತ್ತಿದ್ದ ಆಟೋದವನೂ ತಲೆ ಹೊರಗೆ ಹಾಕಿ ನೋಡಿದ. ದೃಷ್ಟಿಬೊಂಬೆ ಇರುವುದೇ ಅದಕ್ಕಲ್ಲವೇ! ಜಗಲಿಯ ಮೇಲೆ ಕೂತಾಗ ಹತ್ತಿರ ಬಂದವರು ಮಾತ್ರ ಅವನನ್ನು ನೋಡುತ್ತಿದ್ದರು. ಇಲ್ಲಿ ಇಡೀ ರಸ್ತೆ ನೋಡುತ್ತಿತ್ತು.

ಅವನು ದೂರಕ್ಕೆ ಕಣ್ಣು ಹಾಯಿಸಿದ. ಚಾಮುಂಡಿಬೆಟ್ಟ ಕಂಡಿತು. ಶೋರೂಮಿನ ಆಚೆಯ ತಿರುವಿನಲ್ಲಿ ಬಸ್ಸು ಬರುತ್ತಿತ್ತು. ಕೆಳಗಿದ್ದವರಿಗೆ ಅದು ಕಾಣುವಂತಿರಲಿಲ್ಲ. ರಸ್ತೆಯ ಆ ಬದಿಯಲ್ಲಿ ಒಬ್ಬಳು ಹೆಂಗಸು ಮಗುವನ್ನು ಎತ್ತಿಕೊಂಡು, ಬಸ್ಸು ಈಗಲೇ ಬರುವುದಿಲ್ಲವೆಂದು ನಿಧಾನವಾಗಿ ಬರುತ್ತಿದ್ದಳು. ಜವರಯ್ಯನ ಎದೆಯೊಳಗಿದ್ದ ಹಳೆಯ ಕಂಡಕ್ಟರ್ ಎದ್ದು ನಿಂತ.

"ಬಂತು ಕಣಮ್ಮೋ! ಬಿರ್‌ಬಿರ್ನೆ ಬಾ! ಹಿಂದ್ಗಡೆ ಸೀಟು ಖಾಲಿ ಅವೆ!"

ಅವಳು ಬೇಗಬೇಗ ಹೆಜ್ಜೆ ಹಾಕಿ ಬಂದು ಬಸ್ಸು ಹತ್ತಿದಳು. ಕಿಟಕಿಯಿಂದ ಮೇಲೆ ನೋಡಿ ಮಗುವಿನ ಕೈಯನ್ನು ತಾನೇ ಹಿಡಿದು ಅವನತ್ತ ಆಡಿಸಿದಳು.

ಜವರಯ್ಯನೂ ಕೈ ಬೀಸಿದ. ಆಮೇಲೆ ನನ್ನ ಕಡೆ ತಿರುಗಿ, ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿ ಕಾಲರ್ ಸರಿ ಮಾಡಿದ. "ತಾಯಿ, ಜೇಬು ಕಿತ್ತೋಗದೆ ನೋಡು. ಎರಡು ಹೊಲಿಗೆ ಹಾಕು" ಎಂದು ಹುಲಿಗೆಮ್ಮನಿಗೆ ಹೇಳಿ, ಅಲ್ಲಿಂದಲೇ ಕೆಳಗೆ ಕೂಗಿದ.

"ಏಯ್ ಗುರುಪಾದಸ್ವಾಮಿ! ಈ ಮೂಲೆ ಯಾರ್ದು?"

ಗುರುಪಾದಸ್ವಾಮಿ ಗಂಟಲು ಸರಿಮಾಡಿಕೊಂಡ. ಆ ಮೂಲೆಯ ಫ್ಲ್ಯಾಟನ್ನು ಅವನು ತನಗೇ ಎಂದು ಇಟ್ಟುಕೊಂಡಿದ್ದ. "ಅದು... ನಂದು ಸಾರ್."

"ಇನ್ಮ್ಯಾಕೆ ನಂದು. ನನ್ ಜಗಲಿ ಕಲ್ನ ಒಡೀದಂಗೆ ತಂದು ಈ ಬಾಲ್ಕನೀಲಿ ಹಾಕ್ಸು. ನಾಳೇನೇ ಮನೆ ಬಿಡ್ತೀನಿ."

ಗುರುಪಾದಸ್ವಾಮಿ ಮರಳಿನ ಮೇಲೆ ಕೂತಲ್ಲಿಂದಲೇ ಕೈ ಮುಗಿದ. ಅವನು ಮುಗಿದದ್ದು ಜವರಯ್ಯನಿಗೋ ನನಗೋ ಎಂದು ನಾನಂತೂ ಕೇಳಲು ಹೋಗಲಿಲ್ಲ. ನನಗೇ ಎಂದುಕೊಂಡೆ.

ಹೆಂಚು ಇಳಿಸಿದ ದಿನ ಜವರಯ್ಯ ನನ್ನ ಕೆಳಗೆ ಬಂದು ನಿಂತು ಅತ್ತ. ಹೊಂಬಾಳಮ್ಮ ಅಡುಗೆಮನೆಯ ಗೋಡೆ ಬೀಳುವಾಗ ಆ ಕಡೆ ತಿರುಗಿ ಕೂತಳು. ನನ್ನ ಕಣ್ಣು ಇದ್ದಿಲಿನದು, ಅಳಲಾರದು. ಅಳುವಂತಿದ್ದರೆ ಅಂದು ನಾನೂ ಅಳುತ್ತಿದ್ದೆ. ಕಲ್ಲನ್ನು ಮಾತ್ರ ಆರು ಜನ ಹೊತ್ತು, ಒಂದು ಮೂಲೆಯೂ ಮುಕ್ಕಾಗದಂತೆ ತೆಗೆದಿಟ್ಟರು.

ಅಲ್ಲಿಂದ ಮುಂದೆ ಕೆಲಸ ಹೇಗೆ ಓಡಿತೆಂದರೆ, ಮೇಸ್ತ್ರಿಯೇ ಬೆರಗಾದ. ಗೇಟು ಬಂತು, ಮೆಟ್ಟಿಲು ಬಂತು, ಲಿಫ್ಟು ಬಂತು. ಬಿಸಿಲಿಗೆ ನನ್ನ ಅಂಗಿ ಬಿಳಿಚಿತು. ಮಳೆಗೆ ಮೀಸೆ ಕರಗಿದಾಗಲೆಲ್ಲ ಹುಲಿಗೆಮ್ಮ ಹೊಸ ಮೀಸೆ ಬರೆದಳು. ಜವರಯ್ಯ ಬಾಡಿಗೆ ಮನೆಯಿಂದ ದಿನಾ ಬಂದು ನೋಡಿ, ಎಡಗಡೆ ಇನ್ನೊಂಚೂರು ಕೆಳಕ್ಕೆ ಬರಲಿ ಎಂದು ತಿದ್ದಿಸುತ್ತಿದ್ದ. ಹಿಡಿಶಾಪ ಹಾಕಿದ್ದ ಏಳು ಸಂಸಾರಗಳೂ ಅವನ ಪಕ್ಕದಲ್ಲೇ ನಿಂತು ತಂತಮ್ಮ ಕಿಟಕಿ ತೋರಿಸಿಕೊಂಡವು.

ಕೊನೆಗೆ ಗೃಹಪ್ರವೇಶ ಬಂತು. ಕುಂಬಳಕಾಯಿ ಒಡೆದರು, ಹಾಲು ಉಕ್ಕಿಸಿದರು. ಕಟ್ಟಡ ಮುಗಿದ ಮೇಲೆ ನನ್ನನ್ನು ಇಳಿಸಿ ಮೂರು ದಾರಿ ಕೂಡುವಲ್ಲಿ ಸುಡುವುದು ಪದ್ಧತಿ. ಹುಲಿಗೆಮ್ಮ ಬೆಂಕಿಪೊಟ್ಟಣ ಹಿಡಿದು ಬಂದಳು. ನಾನು ತಯಾರಿದ್ದೆ. ಕೆಲಸ ಮುಗಿಸಿದ ಬೊಂಬೆಗೆ ಅದರಲ್ಲಿ ದುಃಖವಿಲ್ಲ.

ಜವರಯ್ಯ ಅಡ್ಡ ಬಂದ. "ಏನ್ ತಾಯಿ, ಗೃಹಪ್ರವೇಶದ ದಿನ ನನ್ನ ಸುಡ್ತೀಯಾ?"

"ಎಲ್ಲಾರ ದೃಷ್ಟಿ ಹೊತ್ತೈತ್ರಿ ಅದು. ಸುಡಬೇಕ್ರಿ ಎಪ್ಪಾ."

"ಸುಡಕೂಡ್ದು."

ಇಬ್ಬರೂ ಸೋಲುವವರಲ್ಲ. ಮತ್ತೆ ಹೊಂಬಾಳಮ್ಮನೇ ಬರಬೇಕಾಯಿತು. ಅವಳು ನನ್ನ ಅಂಗಿ ಬಿಚ್ಚಿ ಬಕೆಟ್ಟಿನಲ್ಲಿ ನೆನೆಸಿದಳು. ಹುಲ್ಲು, ಪೊರಕೆ, ಚಪ್ಪಲಿ ಹುಲಿಗೆಮ್ಮನ ಪಾಲಿಗೆ ಬಂತು. ಅವನ್ನು ಪದ್ಧತಿಯಂತೆ ಸುಟ್ಟರು. ಉಳಿದದ್ದು ಮಡಕೆ. ಹುಲಿಗೆಮ್ಮ ನಾಲಿಗೆಯನ್ನು ತೊಳೆದು ಅಳಿಸಿ, ಮೀಸೆಯನ್ನು ಬಿಟ್ಟಳು. ಹೊಂಬಾಳಮ್ಮ ಅದರೊಳಗೆ ಮಣ್ಣು ತುಂಬಿ ದೊಡ್ಡಪತ್ರೆಯ ಕಡ್ಡಿ ಚುಚ್ಚಿದಳು.

ಈಗ ನಾನಿರುವುದು ಆ ಬಾಲ್ಕನಿಯಲ್ಲಿ, ಕಪ್ಪುಕಲ್ಲಿನ ಜಗಲಿಯ ಒಂದು ತುದಿಯಲ್ಲಿ. ಇನ್ನೊಂದು ತುದಿಯಲ್ಲಿ ಜವರಯ್ಯ. ಅವನ ತಲೆ ಬೋಳಾಯಿತು, ನನ್ನ ತಲೆಯ ತುಂಬ ಹಸಿರು. ನೆಗಡಿಯಾದವರ ಮನೆಯವರು ಬಂದು ನನ್ನ ಕೂದಲು ಕಿತ್ತುಕೊಂಡು ಹೋಗುತ್ತಾರೆ. ಸುತ್ತಲೂ ಹೊಸ ಕಟ್ಟಡಗಳು ಏಳುತ್ತಿವೆ, ಒಂದೊಂದರ ಮುಂದೆಯೂ ಎಳೆಯ ಬೊಂಬೆಗಳು ನೇತಾಡುತ್ತಿವೆ. ಎಲ್ಲವೂ ಪ್ಲಾಸ್ಟಿಕ್ ಮುಖದವು. ಪಾಪ, ನಗುತ್ತವೆ.

ಮೊನ್ನೆ ಜವರಯ್ಯನಿಗೆ ಜ್ವರ. ಹೊರಗೆ ಬಂದಿರಲಿಲ್ಲ. ಸಂಜೆಯ ಬಸ್ಸಿನಿಂದ ಇಳಿದವರು ಅಭ್ಯಾಸದಂತೆ ಮೇಲೆ ನೋಡಿ, ನಾನೊಬ್ಬನೇ ಇರುವುದನ್ನು ಕಂಡು ಅಲ್ಲೇ ನಿಂತರು. ಬಸ್ಸೂ ಹೊರಡಲಿಲ್ಲ. ಹೊಸ ಕಂಡಕ್ಟರ್ ಹುಡುಗಿ ಫುಟ್‌ಬೋರ್ಡಿನ ಮೇಲಿಂದ ಕೂಗಿದಳು. "ಅಣ್ಣ ಎಲ್ಲಿ?"

ಜನರ ಕಣ್ಣು ತಾಗದಿರಲಿ ಎಂದು ನನ್ನನ್ನು ಕಟ್ಟಿದರು, ನಾನು ತಡೆದೆ. ಆದರೆ ನಾನು ಕಾದ ಈ ಕಟ್ಟಡದಲ್ಲಿ ಆ ಕಣ್ಣುಗಳಿಂದಲೇ ಬದುಕುವವನೊಬ್ಬ ಇದ್ದಾನೆ. ಒಳಗೆ ಮಂಚ ಕಿರುಗುಟ್ಟಿತು. ಬೇಡ ಎನ್ನುವ ಹೊಂಬಾಳಮ್ಮನ ದನಿ ಕೇಳಿಸಿತು. ಜವರಯ್ಯ ಕಂಬಳಿ ಹೊದ್ದು, ಬಾಗಿಲು ಹಿಡಿದುಕೊಂಡು ಬಂದು, ನನ್ನ ಪಕ್ಕ ಕಲ್ಲಿನ ಮೇಲೆ ಕೂತು ಕೈ ಎತ್ತಿದ.

"ಇಲ್ಲೇ ಇವ್ನಿ ಕಣಮ್ಮಾ. ರೈಟ್!"

ಬಸ್ಸು ಹೊರಟಿತು.