ಕೈ ಸೋಂಕದ ತಿನಿಸು

"ಎಲ್ಲಾರ್ನೂ ಕರದು ಬಂದೀನಿ," ಎಂದಳು ಪ್ರಮೀಳಾ, ಹೊಸ್ತಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಚ್ಚುತ್ತಾ. "ನಮ್ಮ ಕ್ಲಾಸಿನ ಎಲ್ಲಾರ್ನೂ."

ಜೋಳ ಹಸನು ಮಾಡುತ್ತಿದ್ದ ಸೂಗಮ್ಮನ ಕೈ ಮೊರದ ಮೇಲೆ ನಿಂತಿತು. "ಎಲ್ಲಾರು ಅಂದ್ರ?"

"ಎಲ್ಲಾರು ಅಂದ್ರ ಎಲ್ಲಾರು. ಮೂವತ್ತಾರು ಮಂದಿ. ಐತವಾರ ಸಂಜಿಕ ಬರ್ರಿ, ನನ್ನ ಹುಟ್ಟಿದ ದಿನ ಅದ ಅಂತ ಟೀಚರ್ ಮುಂದನ ಎದ್ದು ನಿಂತು ಹೇಳೀನಿ. ಮಧುಮತಿ ಮನಿಗಿ ಎಲ್ಲಾರೂ ಹೋಗಿದ್ವಿ, ನಮ್ಮ ಮನಿಗೂ ಬರಬೇಕಲ್ಲ? ನಮ್ಮವ್ವ ಮಾಡಿದ ಮಂಡಾಳ ಒಗ್ಗರಣಿ ಒಮ್ಮೆ ತಿಂದು ನೋಡ್ರಿ ಅಂತನೂ ಹೇಳೀನಿ."

ಮಧುಮತಿ ಹತ್ತಿ ಗಿರಣಿಯವರ ಮಗಳು. ಅವಳ ಹುಟ್ಟುಹಬ್ಬಕ್ಕೆ ಹೋಗಿ ಬಂದ ದಿನದಿಂದ ಪ್ರಮೀಳಾ ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತಿದ್ದಳು. ಮಗಳಿಗೊಂದು ಹೊಸ ಲಂಗ ಹೊಲಿಸಿ, ಸಜ್ಜಕ ಮಾಡಿ, ಆರತಿ ಎತ್ತಿದರೆ ಮುಗಿಯಿತು ಎಂದು ಸೂಗಮ್ಮ ಅಂದುಕೊಂಡಿದ್ದಳು. ಈಗ ಮೂವತ್ತಾರು ಮನೆಗಳ ಮಕ್ಕಳು ತನ್ನ ಅಡಿಗೆ ಉಣ್ಣಲು ಬರುತ್ತಾರೆಂದು ಕೇಳಿ ಅವಳಿಗೆ ಮೊರದಲ್ಲಿದ್ದ ಜೋಳ, ಕಲ್ಲು ಒಂದೇ ಆಗಿ ಕಂಡವು.

"ಶೈಲಾನೂ ಬರ್ತಾಳ," ಎಂದು ಸೇರಿಸಿ ಪ್ರಮೀಳಾ ಒಳಗೆ ಓಡಿದಳು.

ಶೈಲಾ ಮನೆಯ ಮಾಲೀಕಳ ಮೊಮ್ಮಗಳು. ಮಾಲೀಕಳು ನೀಲಗಂಗಮ್ಮ, ಅಂಗಳದ ಆಚೆ ದೊಡ್ಡ ಮನೆ ಅವಳದು, ಈಚೆಯ ಎರಡು ಖೋಲಿ ಬಾಡಿಗೆಗೆ. ನಡುವೆ ಇಬ್ಬರಿಗೂ ಒಂದೇ ನಳ. ಆರು ತಿಂಗಳ ಹಿಂದೆ ಸೂಗಮ್ಮನ ಗಂಡ ವೆಂಕೋಬ ಮನೆ ಕೇಳಲು ಬಂದಾಗ ನೀಲಗಂಗಮ್ಮ ಅವನ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿದ್ದ ಪೆನ್ನು ನೋಡಿದ್ದಳು. ನೀರಾವರಿ ಆಫೀಸಿನಲ್ಲಿ ಗುಮಾಸ್ತ ಅಂದದ್ದಕ್ಕೆ ತಲೆದೂಗಿದ್ದಳು. ಎಷ್ಟು ಮಂದಿ, ತಿಂಗಳ ಬಾಡಿಗೆ ಯಾವತ್ತು ಕೊಡ್ತೀರಿ, ಎರಡೇ ಪ್ರಶ್ನೆ. ಮೂರನೆಯದು ಅವಳ ಬಾಯಿಗೆ ಬರಲಿಲ್ಲ, ಯಾಕೋ. ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಅಷ್ಟೇ ಆದದ್ದು. ಆದರೆ ಅಂದಿನಿಂದ ಸೂಗಮ್ಮ ಅಂಗಳದಲ್ಲಿ ಗಟ್ಟಿಯಾಗಿ ಒಂದು ಮಾತಾಡಿದವಳಲ್ಲ. ಊರಿನಿಂದ ಅಪ್ಪ ಬರುತ್ತೇನೆಂದು ಹೇಳಿ ಕಳಿಸಿದಾಗಲೆಲ್ಲ ಏನಾದರೊಂದು ನೆವ ಹೇಳಿ ತಡೆದಿದ್ದಳು.

ಹೆದರಿಕೆಗೆ ಕಾರಣವಿತ್ತು. ಇದಕ್ಕೂ ಮೊದಲು ಮಾನ್ವಿಯಲ್ಲಿ ಬಾಡಿಗೆಗಿದ್ದಾಗ ಒಮ್ಮೆ ಅಪ್ಪ ಬೂದೆಪ್ಪ ಬಂದಿದ್ದ. ಹಳೆಯ ಮನುಷ್ಯ, ಮಗಳ ಮನೆಯ ಹೊಸ್ತಿಲು ದಾಟದೆ, ಅಂಗಳದ ಮೂಲೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಮನೆಯ ಯಜಮಾನನಿಗೆ ನೆಲಮುಟ್ಟಿ ಶರಣು ಮಾಡಿ ನಿಂತುಬಿಟ್ಟ. ಬೇರೆ ಏನೂ ಹೇಳಬೇಕಾಗಲಿಲ್ಲ. ಊರ ಹೊರಗಿನ ಕೇರಿಯವರು ನಿಲ್ಲುವ ರೀತಿ ಅದು ಎಂದು ಯಜಮಾನನಿಗೆ ಗೊತ್ತಾಗಿಹೋಯಿತು. ಮರುದಿನ ಬೆಳಿಗ್ಗೆ ಆ ಮನೆಯ ಹೆಂಗಸರು ಹುಣಸೆಹಣ್ಣು ಹಿಡಿದು ನಳವನ್ನು ತಿಕ್ಕುತ್ತಿದ್ದರು. ತಿಂಗಳು ತುಂಬುವುದರೊಳಗೆ, ತಮ್ಮನ ಮದುವೆ ಅದ, ಮನಿ ಬೇಕಾಗ್ಯಾದ ಎಂದರು. ಮದುವೆಯೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಆ ಹುಣಸೆಹಣ್ಣಿನ ಕರಕರ ಸದ್ದು ಮಾತ್ರ ಸೂಗಮ್ಮನ ಕಿವಿಯಲ್ಲಿ ಉಳಿದುಕೊಂಡಿತ್ತು.

ವೆಂಕೋಬ ಆಫೀಸಿನಿಂದ ಬಂದು ಚಹಾ ಕುಡಿಯುವವರೆಗೆ ತಡೆದು, ಆಮೇಲೆ ಹೇಳಿದಳು. ಅವನು ಬಸಿ ಕೆಳಗಿಟ್ಟ.

"ಜ್ವರ ಬಂದಾವ ಅಂತ ಹೇಳಿಬಿಡೋಣು," ಅಂದ.

"ಹೇಳಬಹುದು. ನೀಲಗಂಗಮ್ಮಾರು ಆಗ್ಲೇ ಬಂದಿದ್ರು. ಮನ್ಯಾಗ ಹತ್ತು ಚಾಪಿ ಅದಾವ, ಒಯ್ಯರಿ ಅಂದ್ರು. ಜ್ವರ ಅಂದ್ರ ನೋಡಾಕ ಬರ್ತಾರ."

ವೆಂಕೋಬ ಮಗಳ ಪಾಟಿ, ಬಳಪ ತೆಗೆದುಕೊಂಡು ಕೂತ. ಲೆಕ್ಕ ಹಾಕತೊಡಗಿದರೆ ಅವನಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು. ಮಂಡಕ್ಕಿ, ಪುಟಾಣಿ, ಉಳ್ಳಾಗಡ್ಡಿ, ಎಣ್ಣೆ. ಸಜ್ಜಕಕ್ಕೆ ರವೆ, ಬೆಲ್ಲ. ಮೂವತ್ತೈದು ರೂಪಾಯಿ ದಾಟಲಿಲ್ಲ. ಇಷ್ಟೇನಾ ಎಂದು ಸೂಗಮ್ಮನಿಗೆ ಹಗುರವೆನಿಸಿತು. ಒಗ್ಗರಣೆಗೆ ದೊಡ್ಡ ಬುಟ್ಟಿ ಯಾರ ಹತ್ತಿರ ಇಸಿದುಕೊಳ್ಳಲಿ ಎಂದು ಯೋಚಿಸುವಷ್ಟರಲ್ಲಿ ಅವನು ಅಂಗೈಯಿಂದ ಪಾಟಿ ಒರೆಸಿಬಿಟ್ಟ.

"ಒಗ್ಗರಣಿ ಬ್ಯಾಡ."

"ಯಾಕ್ರೀ?"

"ಇವತ್ತು ಉಂಡು ಹೋಗ್ತಾವ. ನಾಳಿಗಿ ಮಾನ್ವಿ ಕಡೆಯವ್ರು ಯಾರರ ಬಂದು ಇವ್ರಿಗಿ ಹೇಳಿದ್ರ? ಗೊತ್ತಿದ್ದೂ ಗೊತ್ತಿದ್ದೂ ನಮ್ಮ ಮಕ್ಕಳಿಗಿ ಉಣಸಿ ಕಳಿಸಿದ್ರು ಅಂತಾರ. ಮನಿ ಬಿಡ್ರಿ ಅಂದ್ರ ಬಿಡೋಣು, ಇನ್ನೊಂದು ಸಿಗ್ತದ. ಸಾಲ್ಯಾಗ ಅಕಿನ್ನ ಯಾರ ಬಾಜೂಕ ಕುಂದರಸ್ತಾರ? ಅದನ್ನ ವಿಚಾರ ಮಾಡು."

ಸೂಗಮ್ಮ ವಿಚಾರ ಮಾಡಿದಳು. ಶಾಲೆಯ ಮೂಲೆಯಲ್ಲಿ ಒಬ್ಬಳೇ ಕೂತ ಪ್ರಮೀಳಾ ಕಣ್ಣಿಗೆ ಕಟ್ಟಿದಳು.

ಹೊಸ ಲೆಕ್ಕ ಶುರುವಾಯಿತು. ನಮ್ಮ ಕೈ ಸೋಂಕಿತ್ತು ಎಂದು ಯಾರೂ ಅನ್ನಬಾರದು, ಅದೊಂದೇ ಕಾಯಿದೆ. ಬಾಳೆಹಣ್ಣು ಆಗಬಹುದು, ಸಿಪ್ಪೆ ಇರುತ್ತದೆ. ಬಿಸ್ಕಿಟ್ ಆಗಬಹುದು, ಕಾಗದ ಇರುತ್ತದೆ. ಆದರೆ ತಟ್ಟೆಯಲ್ಲಿ ಸುರಿಯದೆ ಒಬ್ಬೊಬ್ಬರಿಗೆ ಒಂದೊಂದು ಪುಡಿಕೆಯನ್ನೇ ಕೊಡಬೇಕು. ಖಾರಾ ಶೇವು ಆಚಾರ್ಯರ ಹೋಟೆಲಿನದು, ಅಲ್ಲೇ ಪೊಟ್ಟಣ ಕಟ್ಟಿಸಿ ದಾರ ಬಿಗಿಸಿ ತರಬೇಕು. ಕುಡಿಯಲು ಪೀರಾ ಸಾಬನ ಗೋಲಿ ಸೋಡಾ. ಗೋಲಿ ಒತ್ತುವುದೂ ಪೀರಾ ಸಾಬನೇ. ಕೂಡಿಸಿ ನೋಡಿದರೆ ನೂರಾ ಹತ್ತು ರೂಪಾಯಿ. ಮನೆಯಲ್ಲಿ ಕುದಿಸಿ ಬೇಯಿಸಿದ್ದಕ್ಕಿಂತ ಮೂರು ಪಟ್ಟು.

"ಫ್ಯಾನಿಂದು ಅದಾವಲ್ಲ," ಅಂದ ವೆಂಕೋಬ ಮೆಲ್ಲಗೆ.

ರಾಯಚೂರಿನ ಬಿಸಿಲಿಗೆ ಈ ವರ್ಷವಾದರೂ ಒಂದು ಟೇಬಲ್ ಫ್ಯಾನು ಎಂದು ಇಬ್ಬರೂ ಕೂಡಿಟ್ಟಿದ್ದರು. ಅದನ್ನು ಇಡುವ ಕಟ್ಟೆಯನ್ನು ಸೂಗಮ್ಮ ಆಗಲೇ ಖಾಲಿ ಮಾಡಿಟ್ಟಿದ್ದಳು. ಅದು ಹೋದದ್ದಕ್ಕೆ ಅವಳಿಗೆ ಅಷ್ಟು ಸಂಕಟವಾಗಲಿಲ್ಲ.

"ಅಷ್ಟೂ ಹೊರಗಿಂದು ಆತು. ನನ್ನ ಮಗಳ ಹುಟ್ಟಿದ ದಿನಕ್ಕ ನನ್ನ ಕೈಲೆ ಏನೂ ಇಲ್ಲೇನು?"

"ಆರತಿ ಮಾಡು," ಎಂದು ವೆಂಕೋಬ ಪಾಟಿಯನ್ನು ಗೋಡೆಗೆ ಒರಗಿಸಿಟ್ಟ.

ಐತವಾರ ಹೊತ್ತು ಇಳಿದರೂ ಬಿಸಿಲು ಇಳಿಯಲಿಲ್ಲ. ಮಕ್ಕಳು ಎಣ್ಣೆ ಹಚ್ಚಿ ಬಾಚಿಕೊಂಡು, ಕೈಯಲ್ಲಿ ಪೆನ್ಸಿಲು, ರಬ್ಬರು, ಒಬ್ಬನಂತೂ ತನ್ನ ಮನೆಯ ನಿಂಬೆಕಾಯಿ ಹಿಡಿದು ಬಂದರು. ಬಾಗಿಲಲ್ಲಿ ನಿಂತ ಸೂಗಮ್ಮ ಮಕ್ಕಳ ಮುಖ ನೋಡುತ್ತಿರಲಿಲ್ಲ, ಅವರನ್ನು ಬಿಡಲು ಬಂದವರ ಮುಖ ನೋಡುತ್ತಿದ್ದಳು. ಇವಳಿಗೆ ನನ್ನ ಗುರುತಿದೆಯೆ, ಇವನು ಮಾನ್ವಿಯಲ್ಲಿ ಬಸ್ಸಿಳಿದಾಗ ಕಂಡವನೆ ಎಂದು ಒಬ್ಬೊಬ್ಬರಿಗೂ ಜೀವ ಹಿಡಿ ಮಾಡಿಕೊಂಡಳು. ಯಾರೂ ಏನೂ ಅನ್ನಲಿಲ್ಲ. "ಜಲ್ದಿ ಕಳಸರಿ," ಎಂದಷ್ಟೇ ಹೇಳಿ ಹೋದರು.

ಆರತಿಯಾಯಿತು. ಪೀರಾ ಸಾಬ್ ಅಂಗಳದಲ್ಲೇ ಪೆಟ್ಟಿಗೆ ಇಳಿಸಿ ಕುಯ್ಯೋ ಕುಯ್ಯೋ ಎಂದು ಗೋಲಿ ಒತ್ತಿಕೊಟ್ಟ. ಕೈಗೆ ಕೊಟ್ಟದ್ದೇ ತಡ, ಮಕ್ಕಳು ಸೋಡಾ ಮುಗಿಸಿ ತೇಗಿದರು. ಖಾಲಿ ಬಾಟಲಿಗಳ ಪೆಟ್ಟಿಗೆ ಅಂಗಡಿಗೆ ಮುಟ್ಟಿಸಲು ವೆಂಕೋಬ ಅವನ ಬೆನ್ನಿಗೇ ಹೋದ. ಆಮೇಲೆ ಪೊಟ್ಟಣ ಹಂಚಿದಳು ಸೂಗಮ್ಮ, ದಾರವನ್ನು ಎರಡು ಬೆರಳಲ್ಲಿ ಹಿಡಿದು.

"ಒಗ್ಗರಣಿ ಎಲ್ಲದ?" ಎಂದ ನಿಂಬೆಕಾಯಿ ತಂದ ಹುಡುಗ.

ಪ್ರಮೀಳಾ ಅವ್ವನ ಕಡೆ ನೋಡಿದಳು. ಅವಳಿಗೂ ಯಾರೂ ಕಾರಣ ಹೇಳಿರಲಿಲ್ಲ.

"ಸ್ಟೋವ್ ಕೆಟ್ಟದಪ್ಪಾ," ಎಂದಳು ಸೂಗಮ್ಮ. ಹುಡುಗ ನಂಬಿದ. ಪ್ರಮೀಳಾ ತಲೆ ತಗ್ಗಿಸಿ ಬಾಳೆಹಣ್ಣಿನ ಸಿಪ್ಪೆ ಸುಲಿದಳು. ಬೆಳಿಗ್ಗೆ ಅದೇ ಸ್ಟೋವಿನ ಮೇಲೆ ಅವಳ ಸ್ನಾನದ ನೀರು ಕಾದಿತ್ತು.

ತಿಂದಾದ ಮೇಲೆ ಮಕ್ಕಳು ಅಂಗಳದಲ್ಲಿ ಕೆರಿ-ದಂಡಿ ಆಡಿದರು. ನೆಗೆದರು, ಜಾರಿದರು, ಕೂಗಾಡಿದರು. ಇನ್ನೊಂದು ಸ್ವಲ್ಪ ಹೊತ್ತು, ಆಮೇಲೆ ಇವರೆಲ್ಲ ಮನೆಗೆ ಹೋಗುತ್ತಾರೆ, ಗೆದ್ದೆವು ಎಂದು ಸೂಗಮ್ಮ ಅಂದುಕೊಂಡಳು. ಆಗ ಶೈಲಾ ಒಳಗೆ ಓಡಿ ಬಂದಳು. ಖಾರಾ ಶೇವಿಗೆ ಅವಳ ತುಟಿ ಕೆಂಪಾಗಿ, ಕಣ್ಣಲ್ಲಿ ನೀರಾಡಿತ್ತು.

"ಪ್ರಮೀಳಾನವ್ವಾ, ನೀರು ಕೊಡ್ರಿ."

ನೀರು. ಪಾಟಿಯ ಮೇಲೆ ಎಲ್ಲ ಬರೆದಿದ್ದರು, ನೀರು ಬರೆದಿರಲಿಲ್ಲ. ದುಡ್ಡು ಕೊಟ್ಟು ತರುವುದರ ಲೆಕ್ಕ ಹಾಕಿದ್ದರೇ ಹೊರತು, ಮನೆಯಲ್ಲೇ ಇರುವುದರ ಲೆಕ್ಕ ಯಾರು ಹಾಕುತ್ತಾರೆ? ನೀರಿಗೆ ಸಿಪ್ಪೆಯಿಲ್ಲ, ಕಾಗದವಿಲ್ಲ. ಶೈಲಾನ ಹಿಂದೆ ಇನ್ನೂ ನಾಲ್ಕು ಮಕ್ಕಳು ಬಂದು ನಿಂತರು. ಕೊಟ್ಟರೆ ನಾಳೆ ಏನಾಗುತ್ತದೋ. ಬೇರೆಯವರ ಮಗುವಲ್ಲ, ನೀಲಗಂಗಮ್ಮನ ಮೊಮ್ಮಗಳು. ಸೂಗಮ್ಮ ಗಂಡನ ದಾರಿ ನೋಡಿದಳು, ಅವನಿನ್ನೂ ಬಂದಿರಲಿಲ್ಲ.

"ನೀರು ಆಗ್ಯಾವ, ಉಳದಿಲ್ಲ ನಮ್ಮವ್ವಾ," ಎಂದಳು. ದನಿ ತನ್ನದಲ್ಲ ಅನ್ನಿಸಿತು.

ಶೈಲಾ ಅವಳ ಹಿಂದೆ ನೋಡಿದಳು. ಅಲ್ಲಿ ಮೂಲೆಯಲ್ಲಿ ಮಣ್ಣಿನ ಗಡಿಗೆ, ತುಂಬಿ, ಮೈಯೆಲ್ಲ ಬೆವರಿ ನಿಂತಿತ್ತು.

ಆ ಮಾತನ್ನು ಸೂಗಮ್ಮ ಹಿಂದೊಮ್ಮೆ ಕೇಳಿದ್ದಳು. ಆಗ ತನಗೂ ಇಷ್ಟೇ ವಯಸ್ಸು. ಅವ್ವನ ಜೊತೆ ಹತ್ತಿ ಬಿಡಿಸಲು ಹೋದಲ್ಲಿ, ನೆತ್ತಿ ಸುಡುವ ಬಿಸಿಲಲ್ಲಿ ಹೊಲದವರ ಮನೆಯ ಮುಂದೆ ಬೊಗಸೆ ಒಡ್ಡಿ ನಿಂತಿದ್ದಳು. ಒಳಗಿನ ಹೆಂಗಸು ಎದ್ದೂ ಬರದೆ, ನೀರು ಆಗ್ಯಾವ ಹೋಗು ಅಂದಿದ್ದಳು. ಬಾಗಿಲಿನಿಂದ ತುಂಬಿದ ಹಂಡೆ ಕಾಣುತ್ತಿತ್ತು. ಆ ಹೆಂಗಸಿನ ಮುಖ ಮರೆತುಹೋಗಿದೆ, ಹಂಡೆ ಮರೆತಿಲ್ಲ. ಇನ್ನು ಈ ಹುಡುಗಿ ಈ ಗಡಿಗೆಯನ್ನು ಸಾಯುವವರೆಗೆ ಮರೆಯುವುದಿಲ್ಲ ಎಂದು ಸೂಗಮ್ಮನಿಗೆ ತಿಳಿದುಹೋಯಿತು.

"ತುಂಬ ಅದಾವಲ್ಲಬೇ," ಎಂದು ಪ್ರಮೀಳಾ ಅವಳನ್ನು ಸರಿಸಿ ಗಡಿಗೆಯ ಮುಚ್ಚಳ ತೆಗೆದಳು. ಗಿಲಾಸು ಅದ್ದಿ ಮೊದಲು ಶೈಲಾಗೆ, ಆಮೇಲೆ ಅವಳ ಹಿಂದಿನವಳಿಗೆ ಕೊಟ್ಟಳು. ಅಂಗಳದಲ್ಲಿದ್ದವರಿಗೆ ಸುದ್ದಿ ಮುಟ್ಟಿತು. ಎಲ್ಲರೂ ಬಂದರು. ಒಂದೇ ಗಿಲಾಸು, ಕೆಲವರು ಎತ್ತಿ ಕುಡಿದರು, ಕೆಲವರು ಕಚ್ಚಿ ಕುಡಿದರು. ಸೂಗಮ್ಮ ಗೋಡೆಗೆ ಒರಗಿ ನಿಂತಳು. ತಡೆಯುವ ಶಕ್ತಿ ಅವಳಿಗಿರಲಿಲ್ಲ, ತಡೆಯಬೇಕು ಅಂತಲೂ ಅನ್ನಿಸಲಿಲ್ಲ. ಹೆದರಿಕೆ ಮಾತ್ರ ಒಂದು ಗಿಲಾಸಿಗೆ ಒಂದರಂತೆ ಹೆಚ್ಚುತ್ತಾ ಹೋಯಿತು.

ಹೊತ್ತು ಮುಳುಗುವ ಮುಂಚೆ ಮಕ್ಕಳು ಹೋದರು. ವೆಂಕೋಬ ಬಂದು ಸಿಪ್ಪೆ ಬಳಿದು ಹಾಕುತ್ತಾ, "ಎಲ್ಲಾ ಸುಸೂತ್ರ ಆತಲ್ಲ," ಅಂದ. ಗಡಿಗೆಯ ತಳದಲ್ಲಿ ಒಂದು ಗುಟುಕೂ ಉಳಿದಿರಲಿಲ್ಲ, ರಾತ್ರಿಯ ಅಡಿಗೆಗೆ ನೀರು ಬೇಕು. ಕೊಡ ತೆಗೆದುಕೊಂಡು ಅಂಗಳಕ್ಕೆ ಬಂದ ಸೂಗಮ್ಮ ಅಲ್ಲೇ ನಿಂತಳು.

ನಳದ ಹತ್ತಿರ ನೀಲಗಂಗಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಹುಣಸೆಹಣ್ಣು. ಮುಂದೆ ಸೋಮವಾರದ ಪೂಜೆಯ ಹಿತ್ತಾಳೆ ಬಿಂದಿಗೆ. ಬಿಂದಿಗೆ ಕಣ್ಣಿಗೆ ಬೀಳುವವರೆಗೆ ಸೂಗಮ್ಮ ಉಸಿರಾಡಿರಲಿಲ್ಲ.

"ಬರ್ರಿ, ನೀರು ಸಣ್ಣಗ ಬರಾಕತ್ತಾವ, ಹಚ್ಚಿಬಿಡ್ರಿ," ಎಂದು ನೀಲಗಂಗಮ್ಮ ತಾನೇ ಅವಳ ಕೊಡ ಇಸಿದುಕೊಂಡು ನಳಕ್ಕೆ ಇಟ್ಟಳು. "ಹುಡುಗ್ರು ಗಡಿಗಿ ಖಾಲಿ ಮಾಡಿದ್ವಂತಲ್ಲ?"

"ಹೌದ್ರಿ."

"ಶೈಲಾ ಹೇಳಿದ್ಲು." ಅವಳು ಬಿಂದಿಗೆಯ ಕಂಠ ತಿಕ್ಕಿದಳು. "ಮೊದ್ಲು ನೀವು ನೀರು ಆಗ್ಯಾವ ಅಂದ್ರಂತ. ನೋಡಿದ್ರ ಗಡಿಗಿ ತುಂಬ ಇದ್ವಂತ. ನನಗ ಭಾಳ ಕೆಟ್ಟ ಅನಿಸ್ತು ನೋಡ್ರಿ. ಸಣ್ಣ ಹುಡುಗಿ. ನೀರಿಗಿ ಯಾಕ ಇಲ್ಲ ಅಂದ್ರಿ?"

ಸೂಗಮ್ಮ ಹಿಂದಕ್ಕೆ ತಿರುಗಿ ನೋಡಿದಳು. ವೆಂಕೋಬ ಬಾಗಿಲಲ್ಲಿ ಕಸಬಾರಿಗೆ ಹಿಡಿದು ನಿಂತಿದ್ದ. ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಅವನ ಹಿಂದೆ ಹೊಸ ಲಂಗದಲ್ಲಿ ಪ್ರಮೀಳಾ. ಒಂದು ಸುಳ್ಳು ಹೇಳಿದರೆ ಇವತ್ತಿಗೆ ಮುಗಿಯುತ್ತದೆ. ಗಡಿಗೆಯಲ್ಲಿ ಇರುವೆ ಬಿದ್ದಿತ್ತು ಅಂದರೂ ನಡೆಯುತ್ತದೆ. ಆದರೆ ಸ್ಟೋವ್ ಕೆಟ್ಟಿದೆ ಅಂದಾಗ ತಲೆ ತಗ್ಗಿಸಿದ ಹುಡುಗಿ ಈಗ ಕಣ್ಣು ಕೀಳದೆ ಅವ್ವನನ್ನೇ ನೋಡುತ್ತಿದ್ದಳು.

"ನಮ್ಮೂರು ಗೂಗಲ್ ಹಳ್ಳಿ ಬಾಜೂಕ ಬರ್ತದರಿ," ಎಂದಳು ಸೂಗಮ್ಮ. "ಊರ ಹೊರಗ ಕೇರಿ ಅದರಿ. ಆ ಕೇರಿ ಬೂದೆಪ್ಪನ ಮಗಳ್ರಿ ನಾನು. ಅದಕ್ಕ ಇಲ್ಲ ಅಂದೆ."

ತಿಕ್ಕುವ ಸದ್ದು ನಿಂತಿತು.

ಕೊಡ ತುಂಬಿತು. ತುಂಬಿದ ಮೇಲೂ ನೀರು ಬೀಳುತ್ತಲೇ ಇತ್ತು, ಕಂಠದಿಂದ ಹೊರಳಿ, ಕಲ್ಲಿನ ಮೇಲೆ ಹರಿದು, ನಿಂತವಳ ಪಾದ ತೋಯಿಸಿ ಕೂತವಳ ಪಾದದತ್ತ ಹೋಯಿತು. ನಳ ಬಂದ್ ಮಾಡಲು ಇಬ್ಬರಲ್ಲಿ ಯಾರೂ ಕೈ ಚಾಚಲಿಲ್ಲ. ನೀಲಗಂಗಮ್ಮ ಹುಣಸೆಹಣ್ಣನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು.