ಪತ್ರಾವಳಿಯ ಮೇಲಿನ ಫೋಟೋ

ಪತ್ರಾವಳಿ ಹಚ್ಚುವುದಕ್ಕೆ ಬೇಕಾದ ಮುತ್ತಲ ಎಲೆಗೆ ದುಡ್ಡಿಲ್ಲ, ಅದು ಅಡವಿಯದು. ಆದರೆ ನೂರು ಪತ್ರಾವಳಿಯ ಎಲೆಗೆ ಅಡವಿ ಕಾಯುವವನ ಚಹಾ ಎಂದು ಎರಡು ರೂಪಾಯಿ ಬಿಚ್ಚಬೇಕಾಗಿತ್ತು. ಎಲೆಗೆ ಎಲೆ ಹೊಲಿಯುವ ಬಿದಿರ ಕಡ್ಡಿಗೆ ಒಂದು. ಹೊರೆಯನ್ನು ಬಸ್ಸಿನ ಮೇಲೆ ಹಾಕಿ ಹುಬ್ಬಳ್ಳಿಗೆ ಒಯ್ಯಲು ಮೂರು. ಪೇಟೆಯಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದ ಬಿಂದುಮಾಧವರಾಯರು ನೂರಕ್ಕೆ ಹದಿನೆಂಟು ಕೊಡುತ್ತಿದ್ದರು. ಉಳಿದ ಹನ್ನೆರಡು ಹೊಳೆವ್ವನ ಸೆರಗಿನ ಗಂಟಿಗೆ ಬೀಳುತ್ತಿತ್ತು. ಅದರಲ್ಲಿ ಅವಳ ಬೆರಳಿನ ದುಡಿತಕ್ಕೆ ಎಷ್ಟು ಎಂದು ಯಾರೂ ಲೆಕ್ಕ ಹಿಡಿದಿರಲಿಲ್ಲ, ಅವಳೂ ಹಿಡಿದಿರಲಿಲ್ಲ.

ರಾಯರು ಹೊರೆಯನ್ನು ಮೆಟ್ಟಿಲ ಕೆಳಗೆ ಇಳಿಸಲು ಹೇಳಿ, ತಂಬಿಗೆಯಿಂದ ನೀರು ಚಿಮುಕಿಸಿ, ಆಮೇಲೆ ಒಳಗೆ ತೆಗೆದುಕೊಳ್ಳುತ್ತಿದ್ದರು. "ಎಲಿ ಒಣಗಿ ಬಿರೀಬಾರದು ನೋಡವಾ" ಎನ್ನುತ್ತಿದ್ದರು. ಶ್ರಾವಣದ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದ ಹೊರೆಗೂ ಚಿಮುಕಿಸುತ್ತಿದ್ದರು. ಹೊಳೆವ್ವ ದಲಿತರ ಕೇರಿಯವಳು ಎಂಬುದು ರಾಯರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ಹೊಳೆವ್ವನಿಗೂ ಗೊತ್ತಿತ್ತು. ಆದರೂ ನೀರು ಎಲೆಯ ಸಲುವಾಗಿ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಅವಳ ಪತ್ರಾವಳಿಯಲ್ಲಿ ಪೇಟೆಯ ಎಷ್ಟೋ ಮದುವೆ, ಮುಂಜಿವೆಗಳು ಉಂಡು ಎದ್ದಿದ್ದವು.

ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಮಿರಿಮಿರಿ ಮಿಂಚುವ ಕಾಗದದ ತಟ್ಟೆಗಳು ಲಾರಿಗಟ್ಟಲೆ ಬಂದವು. ಪತ್ರಾವಳಿಗಿಂತ ಅಗ್ಗ. ಹೊಳೆವ್ವನ ಹೊರೆ ಅರ್ಧವಾಯಿತು. ಅವಳ ಜೊತೆ ಹಚ್ಚುತ್ತಿದ್ದ ಈರವ್ವ, ಮುರಿಗೆವ್ವ ಕಲ್ಲು ಮಣ್ಣು ಹೊರಲು ಹೋದರು.

ಆಗ ಸಪ್ತಾಪುರದಿಂದ ಸುಮಲತಾ ಬಂದಳು. ಪರಿಸರ, ಮಹಿಳೆ, ಬಡತನ ಮೂರಕ್ಕೂ ಸೇರಿ ಒಂದೇ ಸಂಸ್ಥೆ ನಡೆಸುತ್ತಿದ್ದಳು. ಮನಸ್ಸು ಒಳ್ಳೆಯದು.

"ಜರ್ಮನಿಯವರು ನಿಮ್ಮ ಪತ್ರಾವಳಿಗೆ ನೂರಕ್ಕ ಅರವತ್ತು ಕೊಡ್ತಾರ್ರಿ."

"ಅವರ ಕಡೆ ಎಲಿ ಸಿಗಂಗಿಲ್ಲೇನ್ರಿ ಅಕ್ಕಾರ?"

"ಎಲಿ ಸಿಗ್ತಾವ. ಹಚ್ಚವ್ರು ಸಿಗಂಗಿಲ್ಲ."

ಹುಬ್ಬಳ್ಳಿಯ ವಿದ್ಯಾನಗರದ ಒಂದು ಸಭಾಂಗಣದಲ್ಲಿ ಹೊಳೆವ್ವನನ್ನು ಮುಂದಿನ ಕುರ್ಚಿಯಲ್ಲಿ ಕೂಡ್ರಿಸಿದರು. ಪರದೆಯ ಮೇಲೆ ಒಂದರೊಳಗೊಂದು ಸಿಕ್ಕಿಕೊಂಡ ಮೂರು ವರ್ತುಲಗಳಿದ್ದವು. "ಒಂದು ಜಾತಿ, ಒಂದು ಹೆಣ್ತನ, ಒಂದು ಬಡತನ. ಮೂರೂ ಕೂಡೋ ಜಾಗಾದಾಗ ನೀವು ಅದೀರಿ" ಎಂದು ಸುಮಲತಾ ಬೊಟ್ಟು ಮಾಡಿದಳು.

ದೊನ್ನೆಯಷ್ಟಿದ್ದ ಆ ಜಾಗವನ್ನು ಹೊಳೆವ್ವ ದಿಟ್ಟಿಸಿ ನೋಡಿದಳು. "ಭಾಳ ಇಕ್ಕಟ್ಟಾತಲ್ರಿ. ಈರವ್ವ, ಮುರಿಗೆವ್ವನೂ ಅಲ್ಲೇ ಕೂಡ್ರಬೇಕಲ್ಲ?"

ಸಭೆ ಚಪ್ಪಾಳೆ ತಟ್ಟಿತು. ಅವಳು ನಿಜವಾಗಿಯೇ ಕೇಳಿದ್ದಳು.

ಆಮೇಲೆ ಅವಳ ಫೋಟೋ ತೆಗೆದರು. "ಇದಕ್ಕ ಬಾಡಿಗಿ ಎಷ್ಟ ಕೊಡ್ತೀರಿ?" ಎಂದಳು ಹೊಳೆವ್ವ.

ಸುಮಲತಾ ನಕ್ಕಳು. "ಬಾಡಿಗಿ ಅಲ್ಲರೀ, ಇದು ನಿಮ್ಮ ಗುರುತು. ಇಷ್ಟ ದಿನ ನಿಮ್ಮ ಹೆಸರ ಮುಚ್ಚಿಟ್ಟಾರ."

ಅದೇನೂ ಸುಳ್ಳಾಗಿರಲಿಲ್ಲ. ಕಟ್ಟು ಕಟ್ಟಿಗೂ ಚೀಟಿ ಹಚ್ಚಿದರು: ನಗುವ ಹೊಳೆವ್ವ, ಕೆಳಗೆ "ದಲಿತ ಮಹಿಳೆ ಹೊಳೆವ್ವ ಮತ್ತು ಸಂಗಾತಿಗಳ ಕೈಕೆಲಸ." ಮಾಲು ಹಡಗು ಹತ್ತಿತು, ರೊಕ್ಕ ಬಂತು. ಈರವ್ವ, ಮುರಿಗೆವ್ವ ಬುಟ್ಟಿ ಬಿಸಾಕಿ ಮರಳಿ ಬಂದರು. ಫೋಟೋಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಗಂಡ ಯಮನಪ್ಪ, "ಇನ್ನ ನಿನ್ನ ಮಾತಾಡ್ಸಾಕ ಚೀಟಿ ಕೊಟ್ಟ ಕಳಿಸ್ಬೇಕೇನ?" ಎಂದು ಕಾಡಿಸಿದ.

ಮದುವೆಯ ಹಂಗಾಮು ಬಂತು. ವರ್ಷದ ಅರ್ಧ ಗಳಿಕೆ ಆ ಎರಡು ತಿಂಗಳದ್ದು. ಹಡಗಿಗೆ ಹೋಗಿ ಉಳಿದ ಕಟ್ಟುಗಳನ್ನು ಹೊಳೆವ್ವ ಚೀಟಿ ಸಮೇತ ರಾಯರ ಅಂಗಡಿಗೆ ಒಯ್ದಳು. ಕೀಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಕೀಳುತ್ತಿದ್ದಳೋ ಇಲ್ಲವೋ, ಫೋಟೋ ಚಂದ ಬಂದಿತ್ತು.

ಅಂಗಡಿಯಲ್ಲಿ ಮಗಳ ಮದುವೆಯ ಸಾಮಾನಿಗೆ ಬಂದ ಹಳೆಯ ಗಿರಾಕಿಯೊಬ್ಬರು ಕಟ್ಟು ಎತ್ತಿಕೊಂಡರು. ತುಟಿ ಅಲ್ಲಾಡಿಸುತ್ತ ಚೀಟಿ ಓದಿದರು. ಮೆಲ್ಲಗೆ ಕೆಳಗಿಟ್ಟು, ಧೋತರಕ್ಕೆ ಬೆರಳು ಒರೆಸಿಕೊಂಡು, "ಕಾಗದದ ಪ್ಲೇಟೇ ಕೊಡ್ರಿ ರಾಯರ. ಈಗ ಮಂದಿ ಅದನ್ನ ಕೇಳ್ತಾರ" ಎಂದರು.

ಅವರು ಹೋದ ಮೇಲೆ ರಾಯರು ಹಣೆ ಚಚ್ಚಿಕೊಂಡರು. "ಅವಾ ಹತ್ತ ವರ್ಷದಿಂದ ನಿನ್ನ ಪತ್ರಾವಳ್ಯಾಗ ಉಂಡಾನವಾ!"

"ಅವ್ರಿಗೆ ಗೊತ್ತಿರಲಿಲ್ಲೇನ್ರಿ ಹಂಗಾರ?"

"ಗೊತ್ತಿತ್ತು. ಆದ್ರ ಓದಿದ ಮ್ಯಾಲ ಗೊತ್ತಿಲ್ಲ ಅನ್ನಲಿಕ್ಕೆ ಬರೂದಿಲ್ಲಲ್ಲ."

ಹೊರೆ ಮೆಟ್ಟಿಲ ಕೆಳಗಿನಿಂದಲೇ ಹಿಂದಿರುಗಿತು. ಮಾತು ಪೇಟೆಯಲ್ಲಿ ಹಬ್ಬಿ, ಬೇರೆ ಅಂಗಡಿಯವರೂ ಬೇಡವೆಂದರು. ಹೊಳೆವ್ವ ಸಪ್ತಾಪುರಕ್ಕೆ ಹೋಗಿ, ಜರ್ಮನಿಗೆ ಇನ್ನೊಂದು ಹಡಗು ಯಾವಾಗ ಎಂದು ಕೇಳಿದಳು.

ಸುಮಲತಾ ಕಿಟಕಿಯ ಕಡೆ ನೋಡಿದಳು. "ಅವರಿಗೆ ಎಲ್ಲಾ ಒಂದೇ ಅಳತಿ ಇರಬೇಕಂತ್ರಿ. ಮಶೀನದಾಗ ಅಡಿಕಿ ಹಾಳಿ ತಟ್ಟಿ ಮಾಡ್ತಾರಲ್ಲ, ಆ ಕಾರ್ಖಾನಿಗೆ ಆರ್ಡರ್ ಕೊಟ್ಟಾರ. ಆದ್ರ ನಿಮ್ಮ ಫೋಟೋ ಭಾಳ ಹಿಡಿಸೇತಿ. ಅದನ್ನ ಮುಂದುವರಸ್ತಾರ."

"ನಾ ಮಾಡದ ತಟ್ಟಿ ಮ್ಯಾಲ ನನ್ನ ಮಾರಿ?"

"ನೀವು ಎಲ್ಲಾರ ಪ್ರತಿನಿಧಿ ಇದ್ದಂಗ."

"ಹಂಗಾರ ಈಗರೆ ಬಾಡಿಗಿ ಹೇಳ್ರಿ."

ಸುಮಲತಾ ಚಹಾ ತರಿಸಿದಳು.

ಮನೆಗೆ ಬಂದು ಮೂವರೂ ಕೂತು ಒದ್ದೆ ಅರಿವೆಯಿಂದ ಚೀಟಿಗಳನ್ನು ತಿಕ್ಕಿ ತೆಗೆದರು. ಮರುದಿನ ಹೊಳೆವ್ವ ಅಂಗಡಿಯ ಹಿತ್ತಲ ಬಾಗಿಲಲ್ಲಿ ನಿಂತಳು.

"ಹದಿನಾಲ್ಕು" ಎಂದರು ರಾಯರು.

"ಹದಿನೆಂಟಿತ್ತಲ್ರಿ!"

"ಆವಾಗ ನನಗ ಗೊತ್ತಿರಲಿಲ್ಲವಾ."

ಹೊಳೆವ್ವ ಅವರ ಮುಖ ನೋಡಿದಳು. ನಗು ತಡೆಯಲಾಗಲಿಲ್ಲ, ರಾಯರೂ ನಕ್ಕುಬಿಟ್ಟರು. ನಕ್ಕು ಮುಗಿದ ಮೇಲೆ ಅವಳು ಮೆತ್ತಗೆ, "ಯಾರ್ಯಾರ ಲಗ್ನದಾಗ ನನ್ನ ಪತ್ರಾವಳಿ ಹಾಸ್ಯಾರ ಅಂತ ನನಗೂ ನೆಪ್ಪೈತ್ರಿ ಧಣೇರ" ಎಂದಳು.

ಹದಿನೈದಕ್ಕೆ ಮುಗಿಯಿತು. ರಾಯರು ತಂಬಿಗೆ ಎತ್ತಿಕೊಂಡು ನೀರು ಚಿಮುಕಿಸಿದರು, ಎಲೆ ಬಿರಿಯಬಾರದೆಂದು.

ಅಂದಿನಿಂದ ಹೊಳೆವ್ವನ ಮುಖ ಪತ್ರಾವಳಿ ಬಿಟ್ಟು ಜರ್ಮನಿಗೆ ಹೋಯಿತು, ಪತ್ರಾವಳಿ ಮುಖ ಬಿಟ್ಟು ಮದುವೆಗಳಿಗೆ ಹೋಯಿತು. ಗಳಿಸಿದ್ದು ಒಂದು ಹಡಗಿನ ರೊಕ್ಕ, ಗೋಡೆಯ ಮೇಲೊಂದು ಫೋಟೋ. ಕಳೆದುಕೊಂಡದ್ದು ನೂರಕ್ಕೆ ಮೂರು ರೂಪಾಯಿ ಮತ್ತು ಅಂಗಡಿಯ ಮುಂಬಾಗಿಲು.