ಮೀನುಮರಿಗೆ ಹಾಕಿದ ಹೆಪ್ಪು

ಹಚ್ಚೊಳ್ಳಿಯಲ್ಲಿ ಮೊಸರಿಗೆ ಹೆಪ್ಪು ಕೇಳಿ ಬಂದವರನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಮೀನುಮರಿ ಸಾಕುವ ಹುಲಿಗೆಮ್ಮ ಈ ಪದ್ಧತಿಯನ್ನು ತೊಟ್ಟಿಗೂ ತಂದಿದ್ದಳು. ಎಳೆಮರಿಗಳು ತಿನ್ನುವ ನೀರುಹುಳ ಕಡಿಮೆಯಾದರೆ ಸಿರಿಗೇರಿಯಲ್ಲಿ ಮೀನು ಸಾಕುವ ಎರ್ರಿಸ್ವಾಮಿಯ ಹೊಂಡದಿಂದ ಒಂದು ಚೊಂಬು ತಂದು ಸುರಿಯುವಳು. ನಾಲ್ಕಾರು ದಿನಕ್ಕೆ ತೊಟ್ಟಿ ತುಂಬ ಹುಳ. ಅದನ್ನೂ ಅವಳು ಹೆಪ್ಪು ಅಂತಲೇ ಕರೆಯುತ್ತಿದ್ದಳು.

ಈ ಸಲ ಹೆಪ್ಪು ಹಾಕಿದ ತೊಟ್ಟಿಯಲ್ಲಿ ಮರಿಗಳು ಗಿರಗಿರ ಸುತ್ತಿ, ಹೊಟ್ಟೆ ಮೇಲಾಗಿ ತೇಲಿದವು. ಉಳಿದದ್ದು ಇನ್ನೊಂದೇ ತೊಟ್ಟಿ. ಅದೂ ಕೈಬಿಟ್ಟರೆ ಮಹಿಳಾ ಸಂಘದ ಕೆರೆಗೆ ಈ ವರ್ಷ ಬಿಡಲು ಮರಿಯೇ ಇಲ್ಲ. ಯಾರದೋ ಕಣ್ಣು ತಾಗಿತು ಎಂದು ಗೊಣಗುತ್ತಾ, ಆ ಮರಿಗಳಾದರೂ ಉಂಡು ಬೆಳೆಯಲಿ ಎಂದು ಅದೇ ಹೆಪ್ಪಿನ ಚೊಂಬು ಎತ್ತಿದಳು.

ಮೊದಲೇ ಒಯ್ದಿದ್ದ ಸತ್ತ ಮರಿಗಳ, ಹೆಪ್ಪಿನ ಹುಳದ ಪರೀಕ್ಷೆಯ ಫಲಿತಾಂಶ ಹೇಳಲು ಸಿರುಗುಪ್ಪದಿಂದ ಬಂದಿದ್ದ ಮೀನುಗಾರಿಕೆ ಇಲಾಖೆಯ ಅನಿತಾ ಓಡಿಬಂದು ಚೊಂಬು ಹಿಡಿದಳು. ಮರಿಗಳಿಗೆ ಬಂದದ್ದು ವೈರಸ್ ರೋಗ. ಅದೇ ವೈರಸ್ ಹೆಪ್ಪಿನ ಹುಳದಲ್ಲೂ ಸಿಕ್ಕಿತ್ತು. ಎರ್ರಿಸ್ವಾಮಿಯ ಹೊಂಡದಲ್ಲೂ ಮರಿ ಸತ್ತದ್ದು ಹುಲಿಗೆಮ್ಮನಿಗೆ ಗೊತ್ತಿತ್ತು, ಆದರೆ ಅಲ್ಲಿ ಕಿಕ್ಕಿರಿದಿದ್ದ ಹುಳ ನೋಡಿ ಮರುಳಾಗಿದ್ದಳು.

“ಹುಳ ಛಲೋ ಕುಣೀತಾವಲ್ರಿ ಮೇಡಂ. ರೋಗ ಇದ್ದಿದ್ರ ಮೊದ್ಲ ಅವ ಸಾಯಬೇಕಿತ್ತು,” ಎಂದಳು.

ಅನಿತಾ ವಾದಕ್ಕಿಳಿಯಲಿಲ್ಲ. ಚೊಂಬಿನ ಒಂದು ಹನಿಯನ್ನು ತಾನು ತಂದಿದ್ದ ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡ್ರಿ ಅಂದಳು.

ಕಣ್ಣಿಟ್ಟ ಹುಲಿಗೆಮ್ಮ ಕಣ್ಣು ತೆಗೆಯಲೇ ಇಲ್ಲ. ಸಾಸಿವೆಗಿಂತ ಚಿಕ್ಕ ಹುಳ ಗಾಜಿನ ಹಾಗೆ ತಿಳಿಯಾಗಿತ್ತು. ಒಳಗೆ ಗುಂಡಿಗೆ ಪಟಪಟ ಬಡಿಯುತ್ತಿತ್ತು. ತಿಂದದ್ದು ಹಸಿರು ಗೆರೆಯಾಗಿ ಕಾಣುತ್ತಿತ್ತು. ಬೆನ್ನಿನ ಚೀಲದಲ್ಲಿ ಅದರದೇ ಮರಿಗಳೂ ಇದ್ದವು. ಇಷ್ಟು ವರ್ಷ ಚೊಂಬುಗಟ್ಟಲೆ ಸುರಿದವಳಿಗೆ ಮೈ ಜುಮ್ಮೆಂದಿತು.

“ಇದಕ್ಕೂ ಒಂದು ಎದಿ ಐತಲ್ಲವ್ವ,” ಎಂದಳು ಮೆಲ್ಲಗೆ. ಆಮೇಲೆ, ವೈರಸ್ ಎಲ್ಲಿ ಎಂದು ಕೇಳಿದಳು.

“ಅದು ಇದರಾಗೂ ಕಾಣಂಗಿಲ್ಲ, ಅಷ್ಟು ಸಣ್ಣದು. ಹುಳಕ್ಕ ಏನೂ ಆಗಂಗಿಲ್ಲ, ಸುಮ್ನ ಹೊತ್ಕೊಂಡು ಬರತೈತಿ. ನುಂಗಿದ ಮರಿ ಸಾಯತೈತಿ. ರೋಗ ಬಂದ ಮ್ಯಾಲೆ ಔಷಧ ಇಲ್ರಿ.”

ಕಣ್ಣಿಗೆ ಬಿದ್ದ ಇಷ್ಟು ದೊಡ್ಡ ಲೋಕದೊಳಗೆ ಕಾಣದ ಇನ್ನೊಂದು ಲೋಕ. ಹುಲಿಗೆಮ್ಮನಿಗೆ ಆದದ್ದು ಭಯವೋ ಭಕ್ತಿಯೋ, ಅವಳಿಗೇ ತಿಳಿಯಲಿಲ್ಲ. ಕೆಟ್ಟ ಮೊಸರಿನ ಹೆಪ್ಪು ಹಾಲನ್ನೂ ಕೆಡಿಸುತ್ತದೆ ಎಂದು ಒಲೆಯ ಮುಂದೆ ಗೊತ್ತಿದ್ದದ್ದು ತೊಟ್ಟಿಯ ಮುಂದೆ ಹೊಳೆದಿರಲಿಲ್ಲ. ಚೊಂಬನ್ನು ತಾನೇ ಬ್ಲೀಚಿಂಗ್ ಪುಡಿಯ ಬಕೆಟ್ಟಿಗೆ ಸುರಿದಳು.

ಅಷ್ಟರಲ್ಲಿ ಸಂಘದ ಗೆಳತಿ ಶಶಿರೇಖಾ ತನ್ನ ತೊಟ್ಟಿಗೆ ಹೆಪ್ಪು ಬೇಕೆಂದು ಖಾಲಿ ಚೊಂಬು ಹಿಡಿದು ಬಂದಳು.

“ಹೆಪ್ಪು ಇಲ್ಲ ಅಂತ ಯಾರಿಗೂ ಅಂದಾಕಿ ಅಲ್ಲ ನಾನು. ಇವತ್ತ ಅಂತೀನಿ,” ಎಂದು ಹುಲಿಗೆಮ್ಮ ಸೂಕ್ಷ್ಮದರ್ಶಕದತ್ತ ಕೈ ತೋರಿದಳು. “ಚೊಂಬು ಕೆಳಗಿಡು. ಬಾ, ಇದರಾಗೊಮ್ಮೆ ಇಣಕು.”

ರೋಗ ತಾಗದೆ ಉಳಿದ ತೊಟ್ಟಿಯ ಮರಿಗಳು ಬೆಳೆದು ಸಂಘದ ಕೆರೆ ಸೇರಿದವು. ಮೀನುಮರಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಮರಿ ಸತ್ತ ನೀರಿನಿಂದ ಹುಳ ತರಬೇಡಿ. ಪರೀಕ್ಷೆಯಾದ ಹುಳವನ್ನೇ ತಂದು, ಶುದ್ಧ ನೀರಿನ ಬೇರೆ ತೊಟ್ಟಿಯಲ್ಲಿ ಬೆಳೆಸಿ. ಒಂದು ತೊಟ್ಟಿಯ ಬಲೆಯನ್ನು ಇನ್ನೊಂದಕ್ಕೆ ಹಾಕದೆ, ತೊಟ್ಟಿಗೊಂದು ಬಲೆ ಇರಲಿ. ಮರಿ ಗಿರಗಿರ ಸುತ್ತಿದರೆ ಆ ನೀರನ್ನು ಕಾಲುವೆಗೆ ಬಿಡದೆ ಇಲಾಖೆಗೆ ತಿಳಿಸಿ. ಯಾರಾದರೂ ಚೊಂಬು ಹಿಡಿದು ಬಂದರೆ, ಹುಲಿಗೆಮ್ಮನ ಹಾಗೆ, ಪ್ರೀತಿಯಿಂದಲೇ ಇಲ್ಲ ಅನ್ನಿ.